ಒಂಟಾರಿಯೊದಲ್ಲಿ ಗಾಯಗೊಂಡವರಿಗೆ: ದೂರು ಬೇರೆ, ತಕರಾರು ಬೇರೆ

ಕೆಲಸದ ವೇಳೆ ಪೆಟ್ಟಾದರೆ ಕೆನಡಾದ ಒಂಟಾರಿಯೊ ಪ್ರಾಂತ್ಯದ ಕಾರ್ಮಿಕ ಪರಿಹಾರ ಮಂಡಳಿಯಾದ ಡಬ್ಲ್ಯುಎಸ್‌ಐಬಿಗೆ ತಿಳಿಸಬೇಕು, ಗಾಯದ ವರದಿ ಕೊಡುವ ಫಾರ್ಮ್ 6 ಸಲ್ಲಿಸಲು 6 ತಿಂಗಳ ಅವಕಾಶವಿದೆ ಎಂಬುದನ್ನು ಬ್ರಾಂಪ್ಟನ್ನಿನ ಗೋದಾಮುಗಳಲ್ಲಿ ದುಡಿಯುವ ನಮ್ಮ ಹುಡುಗರು ಬೇಗನೆ ಕಲಿಯುತ್ತಾರೆ. ಅವರು ಎಡವುವುದು ಅದರ ಮುಂದಿನ ಹೆಜ್ಜೆಯಲ್ಲಿ. ನಾನು ಎಡವಿದ್ದೂ ಅಲ್ಲಿಯೇ.

ಮಂಡಳಿಯ ತೀರ್ಮಾನವೇ ತಪ್ಪೆನಿಸಿದರೆ ಮಾಡಬೇಕಾದದ್ದು ತಕರಾರು. ಅದಕ್ಕೆ ‘ಇಂಟೆಂಟ್ ಟು ಆಬ್ಜೆಕ್ಟ್’ ಎಂಬ ಫಾರ್ಮ್ ಇದೆ. ಕರೆಗೆ ಉತ್ತರವಿಲ್ಲದಿರುವುದು, ಕಡತ ಕದಲದಿರುವುದು, ಅಗೌರವದ ಮಾತು, ಕಾರಣ ವಿವರಿಸದ ಪತ್ರ, ಇಂಥವುಗಳ ಬಗ್ಗೆ ದೂರಿದ್ದರೆ ಫೇರ್ ಪ್ರಾಕ್ಟಿಸಸ್ ಕಮಿಷನ್‌ಗೆ ಹೋಗಬೇಕು. ಅದು ಮಂಡಳಿಯ ಒಂಬುಡ್ಸ್‌ಮನ್. ಸೇವೆ ಉಚಿತ, ವಿಷಯ ಗೋಪ್ಯ. ಆದರೆ ಒಂಬುಡ್ಸ್‌ಮನ್ ಎಂದೊಡನೆ ನಮ್ಮ ತಲೆಯಲ್ಲಿ ಲೋಕಾಯುಕ್ತ ಸುಳಿಯುತ್ತದೆ, ದಾಳಿ ನಡೆದು ಅಧಿಕಾರಿ ನಡುಗಿಬಿಡುತ್ತಾನೆಂಬ ಭ್ರಮೆ ಮೂಡುತ್ತದೆ. ಈ ಕಮಿಷನ್‌ಗೆ ನಿಮ್ಮ ಕ್ಲೈಮ್‌ನ ತೀರ್ಮಾನವನ್ನು ಬದಲಿಸುವ ಅಧಿಕಾರವೇ ಇಲ್ಲ.

ನನ್ನ ಭುಜದ ಗಾಯಕ್ಕೆ ಮಾಲೀಕರು ಸೂಚಿಸಿದ ಹಗುರ ಕೆಲಸ ತಕ್ಕದ್ದೇ ಎಂಬ ಪತ್ರ ಬಂದಾಗ, ಊರಿನಲ್ಲಿ ಮನವಿ ಬರೆದು ರೂಢಿಯಿದ್ದ ನಾನು ಮೂರು ವಾರ ಕುಳಿತು, ‘ಪ್ರತಿಗಳು’ ಎಂದು ಐದು ವಿಳಾಸಗಳನ್ನು ಸೇರಿಸಿ, ಸಿಟ್ಟು, ವೈದ್ಯರ ವರದಿ, ಮನೆಯ ಕಷ್ಟ ಎಲ್ಲವನ್ನೂ ಆರು ಪುಟಗಳಲ್ಲಿ ತುಂಬಿ ಕಮಿಷನ್‌ಗೆ ಕಳುಹಿಸಿದೆ. ತೀರ್ಮಾನದ ವಿಚಾರಕ್ಕೆ ತಕರಾರು ಸಲ್ಲಿಸಿ ಎಂಬ ಸೌಜನ್ಯದ ಉತ್ತರ ಕೈಸೇರುವಷ್ಟರಲ್ಲಿ ಗಡುವು ಮುಗಿದಿತ್ತು. ಕೆಲಸಕ್ಕೆ ಮರಳುವ ಕುರಿತ ತೀರ್ಮಾನಗಳಿಗೆ ತಕರಾರಿನ ಅವಧಿ 30 ದಿನ ಮಾತ್ರ, ಉಳಿದವುಗಳಿಗೆ 6 ತಿಂಗಳು. ಕಮಿಷನ್‌ಗೆ ದೂರು ಕೊಟ್ಟ ಮಾತ್ರಕ್ಕೆ ಈ ಎಣಿಕೆ ನಿಲ್ಲುವುದಿಲ್ಲ. ಗಡುವು ವಿಸ್ತರಿಸಿರೆಂದು ಕೇಳಿಕೊಳ್ಳಬಹುದು, ಸಿಕ್ಕೇ ಸಿಗುತ್ತದೆಂದು ನಂಬಿ ಕೂರಬೇಡಿ. ಕೊನೆಯ ದಿನಾಂಕ ಪತ್ರದಲ್ಲಿಯೇ ಇರುತ್ತದೆ. ನಾನು ಮೊದಲ ಪುಟವನ್ನಷ್ಟೇ ಹತ್ತು ಸಲ ಓದಿದ್ದೆ.

ಇಲ್ಲಿ ಮಾಲೀಕನ ಮೇಲೆ ಮೊಕದ್ದಮೆ ಹೂಡುವ ದಾರಿ ಸಾಮಾನ್ಯವಾಗಿ ಇಲ್ಲದಿರುವುದರಿಂದ ಈ ಗಡುವಿನ ತೂಕ ಇನ್ನೂ ಹೆಚ್ಚು. ಇಲ್ಲಿನ ಕಾರ್ಮಿಕ ಪರಿಹಾರ ವ್ಯವಸ್ಥೆಗೆ ಅಡಿಪಾಯ ಹಾಕಿದ 1913ರ ಮೆರೆಡಿತ್ ವರದಿಯ ಕಾಲದಿಂದಲೂ ಒಪ್ಪಂದ ಅದೇ: ತಪ್ಪು ಯಾರದೆಂದು ಕೇಳದೆ ಪರಿಹಾರ, ಅದಕ್ಕೆ ಬದಲಾಗಿ ನ್ಯಾಯಾಲಯದ ಹಕ್ಕು ಬಿಡುವುದು. ತಾತ್ಕಾಲಿಕ ಅಸಮರ್ಥತೆಗೆ ನಮ್ಮ ಇಎಸ್‌ಐ ಕೂಲಿಯ ಶೇಕಡ 90ರಷ್ಟು ಕೊಡುತ್ತದೆ, ಇಲ್ಲಿ ಕೈಗೆ ಬರುವ ಸಂಬಳದ ಶೇಕಡ 85. ಆದರೂ ಅಧಿಕಾರಿಯ ನಡವಳಿಕೆಯನ್ನು ಕೇಳಲೆಂದೇ ಒಂದು ಕಚೇರಿ ಇಟ್ಟಿರುವುದರಲ್ಲಿ ಒಂಟಾರಿಯೊದ್ದೇ ಮೇಲುಗೈ ಎಂಬುದು ನನ್ನ ಅಭಿಪ್ರಾಯ. ಹೊಸಬರಿಗೆ ದೂರು, ತಕರಾರು ಎರಡರ ವ್ಯತ್ಯಾಸವನ್ನು ದೊಡ್ಡಕ್ಷರಗಳಲ್ಲಿ ಹೇಳದಿರುವುದು ಮಾತ್ರ ಕೊರತೆಯೇ.

ದೂರು ಕೊಡುವ ಮೊದಲು ಸಂಬಂಧಿಸಿದ ಅಧಿಕಾರಿಯೊಡನೆ, ಆಮೇಲೆ ಅವರ ಮ್ಯಾನೇಜರ್ ಜೊತೆ ಮಾತಾಡಿ, ದಿನಾಂಕ ಮತ್ತು ಸಮಯವನ್ನು ಬರೆದಿಡಿ. ಯೂನಿಯನ್ ಇಲ್ಲದವರಿಗೆ ತಕರಾರಿನಲ್ಲಿ ಆಫೀಸ್ ಆಫ್ ದಿ ವರ್ಕರ್ ಅಡ್ವೈಸರ್ ಉಚಿತವಾಗಿ ನೆರವಾಗುತ್ತದೆ.

ಈಚೆಗೆ ದಾವಣಗೆರೆಯ ಹುಡುಗನೊಬ್ಬ ಏಳು ಪುಟಗಳ ಮನವಿ ಹಿಡಿದು ಮನೆಗೆ ಬಂದ. ಪತ್ರದ ತಾರೀಖಿನಿಂದ ಎಣಿಸಿದರೆ 26ನೆಯ ದಿನ. ಅಂದು ರಾತ್ರಿಯೇ ತಕರಾರಿನ ಫಾರ್ಮ್ ಕಳುಹಿಸಿದೆವು. ಏಳು ಪುಟಗಳನ್ನು ಒಂದಕ್ಕಿಳಿಸುವ ಕೆಲಸವನ್ನು ಮರುದಿನ ಊಟವಾದ ಮೇಲೆ ನಿಧಾನವಾಗಿ ಕೈಗೆತ್ತಿಕೊಂಡೆವು.