ಹೆಸರಿನ ಮೂಲವನ್ನು ಹುಡುಕುವ ಬಗೆ

ಒಂದು ಹೆಸರಿಗೆ ಏನು ಅರ್ಥ ಎಂದು ಕೇಳುವ ಮೊದಲು ಅದು ಯಾವ ಭಾಷೆಯದು ಎಂದು ಕೇಳಬೇಕು. ಈ ಕ್ರಮ ತಪ್ಪಿದರೆ ಮುಂದಿನ ಶ್ರಮವೆಲ್ಲ ದಾರಿ ತಪ್ಪುತ್ತದೆ. 'ಲೀ' ಎಂಬ ಮನೆತನದ ಹೆಸರನ್ನೇ ನೋಡಿ. ಅಮೆರಿಕದ ಅಂತರ್ಯುದ್ಧದ ಸೇನಾನಿ ರಾಬರ್ಟ್ ಇ. ಲೀ ಮತ್ತು ನಟ ಬ್ರೂಸ್ ಲೀ, ಇಬ್ಬರ ಹೆಸರನ್ನೂ ಕನ್ನಡದಲ್ಲಿ ಒಂದೇ ರೀತಿ ಬರೆಯುತ್ತೇವೆ; ರೋಮನ್ ಲಿಪಿಯಲ್ಲಿಯೂ ಅವುಗಳಿಗೆ ವ್ಯತ್ಯಾಸವಿಲ್ಲ. ಆದರೆ ಮೊದಲನೆಯದು ಕಾಡಿನ ನಡುವಣ ಬಯಲನ್ನು ಸೂಚಿಸುವ ಹಳೆಯ ಇಂಗ್ಲಿಷ್ ಪದದಿಂದ ಬಂದದ್ದು, ಎರಡನೆಯದು ಪ್ಲಮ್ ಎಂಬ ಅರ್ಥದ ಚೀನೀ ಅಕ್ಷರ. ಆದ್ದರಿಂದ ಹೆಸರನ್ನು ಅದರ ಮೂಲ ಲಿಪಿಯಲ್ಲಿ ಬರೆಸಿಕೊಳ್ಳುವುದೇ ಮೊದಲ ಕೆಲಸ. ಜಪಾನಿನ ಹೆಸರುಗಳಲ್ಲಂತೂ ಇದನ್ನು ಬಿಟ್ಟರೆ ಬೇರೆ ಉಪಾಯವೇ ಇಲ್ಲ: 'ಯುಕಿ' ಎಂಬ ಹೆಸರು ಒಂದು ಅಕ್ಷರದಲ್ಲಿ ಹಿಮವಾದರೆ ಇನ್ನೊಂದರಲ್ಲಿ ಸೌಭಾಗ್ಯವಾಗುತ್ತದೆ.

ಭಾಷೆ ತಿಳಿದ ಮೇಲೆ ಹೆಸರಿನ ಯಾವ ಭಾಗ ಏನು ಎಂಬುದನ್ನು ಗುರುತಿಸಿಕೊಳ್ಳಿ. ಚೀನಾ, ಕೊರಿಯಾ, ಜಪಾನ್, ಹಂಗೇರಿಗಳಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ. ಸ್ಪ್ಯಾನಿಷ್ ಪದ್ಧತಿಯಲ್ಲಿ ತಂದೆಯ ಕಡೆಯದೊಂದು, ತಾಯಿಯ ಕಡೆಯದೊಂದು, ಹೀಗೆ ಎರಡಿರುತ್ತವೆ. ಕಾದಂಬರಿಕಾರ ಗೇಬ್ರಿಯಲ್ ಗಾರ್ಸಿಯಾ ಮಾರ್ಕೆಸ್ ಅವರನ್ನು ಬರಿಯ 'ಮಾರ್ಕೆಸ್' ಎಂದು ಕರೆದಾಗ ನಾವು ತಂದೆಯ ಹೆಸರನ್ನು ಬಿಟ್ಟು ತಾಯಿಯದನ್ನಷ್ಟೇ ಉಳಿಸಿಕೊಂಡಿರುತ್ತೇವೆ. ಐಸ್‌ಲ್ಯಾಂಡಿನಲ್ಲಿ ಹೆಚ್ಚಿನವರಿಗೆ ಮನೆತನದ ಹೆಸರೇ ಇಲ್ಲ. 1980ರಲ್ಲಿ ಅಲ್ಲಿನ ಅಧ್ಯಕ್ಷರಾಗಿ ಆಯ್ಕೆಯಾದ ವಿಗ್ದಿಸ್ ಫಿನ್‌ಬೊಗದೊತ್ತಿರ್ ಅವರ ಎರಡನೆಯ ಪದಕ್ಕೆ 'ಫಿನ್‌ಬೊಗಿಯ ಮಗಳು' ಎಂದಷ್ಟೇ ಅರ್ಥ.

ಅನಂತರ ಪದವನ್ನು ಬಿಡಿಸಬೇಕು. ಇಂಗ್ಲಿಷಿನ 'ಸನ್', ಸ್ಕಾಟ್ಲೆಂಡ್, ಐರ್ಲೆಂಡ್‌ಗಳ ಗೇಲಿಕ್ ಭಾಷೆಯ 'ಮ್ಯಾಕ್', ಅರಬ್ಬಿಯ 'ಇಬ್ನ್' ಎಲ್ಲವೂ ಮಗನನ್ನೇ ಹೇಳುತ್ತವೆ. ಇವುಗಳನ್ನು ತೆಗೆದರೆ ಒಳಗೆ ಯಾರೋ ಒಬ್ಬ ಪೂರ್ವಜನಿಗೆ ಇಟ್ಟ ಹೆಸರು ಉಳಿಯುತ್ತದೆ. ಜಾನ್ಸನ್, ಇವಾನೋವ್‌ಗಳ ಒಳಗಿರುವುದು ಒಂದೇ ಹೀಬ್ರೂ ಹೆಸರು, 'ದೇವರು ಕೃಪಾಳು' ಎಂಬರ್ಥದ ಯೋಹಾನಾನ್. ಹುವಾನ್, ಜೊವಾನ್ನಿ, ಹಾನ್ಸ್ ಕೂಡ ಅದರದೇ ರೂಪಗಳು. ಕಸುಬಿನ ಹೆಸರುಗಳೂ ಹೀಗೆಯೇ ಭಾಷೆಯಿಂದ ಭಾಷೆಗೆ ಸಾಲುಗಟ್ಟಿ ನಿಲ್ಲುತ್ತವೆ: ಇಂಗ್ಲಿಷಿನ ಸ್ಮಿತ್, ಜರ್ಮನ್ನಿನ ಶ್ಮಿಟ್, ರಷ್ಯನ್ನಿನ ಕುಜ್ನೆತ್ಸೋವ್, ಪೋಲಿಷ್‌ನ ಕೊವಾಲ್ಸ್ಕಿ, ಅರಬ್ಬಿಯ ಹದ್ದಾದ್, ಎಲ್ಲದರ ಹಿಂದೆಯೂ ಇರುವವನು ಕಮ್ಮಾರ. ಊರೂರಿಗೂ ಕಮ್ಮಾರನಿದ್ದುದರಿಂದ ಈ ಹೆಸರು ಅಲ್ಲಲ್ಲಿಯೇ ಹುಟ್ಟಿಕೊಂಡಿತು. ಇಬ್ಬರು ಸ್ಮಿತ್‌ಗಳು ಒಂದೇ ವಂಶದವರೆಂದು ಊಹಿಸಲು ಇದು ಆಧಾರವಾಗಲಾರದು.

ಹೆಚ್ಚಿನವರು ಎಡವುವುದು ಕಾಲವನ್ನು ಗಮನಿಸದೆ. ಮನೆತನದ ಹೆಸರು ಅನಾದಿಯದು ಎಂದು ನಂಬಿ ಹುಡುಕಲು ಹೊರಡುತ್ತೇವೆ, ಆದರೆ ಎಷ್ಟೋ ದೇಶಗಳಲ್ಲಿ ಅದು ಸರ್ಕಾರದ ಆಜ್ಞೆಯಿಂದ ಬಂದದ್ದು. ಜಪಾನಿನಲ್ಲಿ 1875ರಲ್ಲಿ ಸಾಮಾನ್ಯ ಜನರಿಗೂ ಅದು ಕಡ್ಡಾಯವಾಯಿತು. ಥಾಯ್ಲೆಂಡಿನ ಕಾಯ್ದೆ 1913ರದು. ಟರ್ಕಿ 1934ರಲ್ಲಿ ಕಾಯ್ದೆ ಮಾಡಿದಾಗ ಅಧ್ಯಕ್ಷ ಮುಸ್ತಫಾ ಕೆಮಾಲ್ ಅವರಿಗೆ ಸಂಸತ್ತೇ 'ಅತಾತುರ್ಕ್' ಎಂಬ ಹೆಸರನ್ನು ಕೊಟ್ಟಿತು. ಆಗ ಸ್ಪೇನಿನ ವಸಾಹತಾಗಿದ್ದ ಫಿಲಿಪ್ಪೀನ್ಸ್‌ನಲ್ಲಿ ಗವರ್ನರ್ ಕ್ಲಾವೆರಿಯಾ 1849ರಲ್ಲಿ ಆಜ್ಞೆ ಹೊರಡಿಸಿ, ಹೆಸರುಗಳ ದೊಡ್ಡ ಪಟ್ಟಿಯೊಂದನ್ನು ತಯಾರಿಸಿ, ಅದರಿಂದ ಕುಟುಂಬಗಳಿಗೆ ಹೆಸರು ಹಂಚಿಸಿದ. ಆದ್ದರಿಂದ ಅಲ್ಲಿಯವರೊಬ್ಬರ ಸ್ಪ್ಯಾನಿಷ್ ಹೆಸರನ್ನು ಕಂಡು ಅವರ ಪೂರ್ವಜರು ಸ್ಪೇನಿನವರು ಎಂದು ಬರೆದುಬಿಡುವುದು ದೊಡ್ಡ ತಪ್ಪು, ಆ ಕುಟುಂಬದ ಚರಿತ್ರೆಗೆ ಮಾಡುವ ಅನ್ಯಾಯವೂ ಹೌದು. ಹುಡುಕುತ್ತಿರುವ ಹೆಸರು ಯಾವ ಆಳ್ವಿಕೆಯಲ್ಲಿ, ಯಾವ ದಾಖಲೆಯಲ್ಲಿ ಮೊದಲು ಕಾಣಿಸಿತು ಎಂಬುದನ್ನು ತಪ್ಪದೆ ಗುರುತು ಹಾಕಿಕೊಳ್ಳಿ.

ಕೇಳಿದ ಕಥೆಗಳನ್ನೂ ಪರೀಕ್ಷಿಸಿ. ಅಮೆರಿಕಕ್ಕೆ ವಲಸೆ ಹೋದವರ ಹೆಸರನ್ನು ನ್ಯೂಯಾರ್ಕ್ ಬಂದರಿನ ವಲಸೆ ತಪಾಸಣಾ ಕೇಂದ್ರವಾಗಿದ್ದ ಎಲ್ಲಿಸ್ ದ್ವೀಪದ ಗುಮಾಸ್ತರು ಬದಲಿಸಿದರೆಂದು ಎಷ್ಟೋ ಮನೆಗಳಲ್ಲಿ ಹೇಳುತ್ತಾರೆ. ಆದರೆ ಆ ಅಧಿಕಾರಿಗಳು ನೋಡುತ್ತಿದ್ದುದು ಹಡಗು ಹೊರಟ ಬಂದರಿನಲ್ಲಿಯೇ ಸಿದ್ಧವಾದ ಪ್ರಯಾಣಿಕರ ಪಟ್ಟಿಯನ್ನು. ಹೆಸರು ಬದಲಾದದ್ದು ಬಹುಮಟ್ಟಿಗೆ ಆಮೇಲೆ, ಆ ಕುಟುಂಬದವರ ಇಚ್ಛೆಯಿಂದಲೇ. ಹಾಗೆಯೇ, ಮೂಲ ಪದವನ್ನು ತೋರಿಸದೆ ಬರಿಯ 'ಸುಂದರ', 'ಧೀರ' ಎಂದು ಅರ್ಥ ಕೊಡುವ ಹೆಸರಿನ ಪಟ್ಟಿಗಳನ್ನು ನಂಬಬೇಡಿ.

ಕೊನೆಯದಾಗಿ, ಪದದ ಅರ್ಥ ಸಿಕ್ಕ ಮಾತ್ರಕ್ಕೆ ಆ ಹೆಸರನ್ನು ಇಟ್ಟ ಕಾರಣ ಸಿಕ್ಕಂತಾಗುವುದಿಲ್ಲ. ಅದನ್ನು ಮನೆಯ ಹಿರಿಯರಿಂದಲೇ ಕೇಳಿ ತಿಳಿಯಬೇಕು. ಕೆಲವು ಸಂಸ್ಕೃತಿಗಳಲ್ಲಿ ಮಾತ್ರ ಹೆಸರೇ ಕಾರಣವನ್ನು ಹೇಳಿಬಿಡುತ್ತದೆ. ನೈಜೀರಿಯಾದ ಯೊರುಬಾ ಭಾಷೆಯ 'ಬಾಬಾತುಂಡೆ' ಎಂದರೆ 'ತಂದೆ ಮರಳಿ ಬಂದ'. ಅಜ್ಜ ತೀರಿಕೊಂಡ ಮೇಲೆ ಹುಟ್ಟಿದ ಗಂಡುಮಗುವಿಗೆ ಇಡುವ ಹೆಸರು. ಘಾನಾದ ಅಕಾನ್ ಜನರು ಮಗು ವಾರದ ಯಾವ ದಿನ ಹುಟ್ಟಿತೋ ಆ ದಿನಕ್ಕೆ ತಕ್ಕ ಹೆಸರಿಡುತ್ತಾರೆ. ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯಾಗಿದ್ದ ಕೋಫಿ ಅನ್ನಾನ್ ಹುಟ್ಟಿದ್ದು 1938ರ ಏಪ್ರಿಲ್ 8ರಂದು. ಹಳೆಯ ಕ್ಯಾಲೆಂಡರ್ ತೆಗೆದು ನೋಡಿದರೆ ಅದು ಶುಕ್ರವಾರ, 'ಕೋಫಿ' ಎಂದರೆ ಶುಕ್ರವಾರ ಹುಟ್ಟಿದ ಗಂಡು. ಅವರೊಡನೆಯೇ ಹುಟ್ಟಿದ ಸಹೋದರಿಯ ಹೆಸರು ಎಫುವಾ ಅಟ್ಟಾ: 'ಎಫುವಾ' ಶುಕ್ರವಾರದ ಹೆಣ್ಣು, 'ಅಟ್ಟಾ' ಅವಳಿ.