ಬಳಸಿದ ರೈಫಲ್ ಕೇಸ್‌ಗಳನ್ನು ಮರುತುಂಬಲು ಸಿದ್ಧಪಡಿಸುವ ಕ್ರಮ

ರೈಫಲ್ ತೋಟೆಯ ನಾಲ್ಕು ಭಾಗಗಳಲ್ಲಿ ಪ್ರೈಮರ್ (ಬುಡದಲ್ಲಿ ಕೂತು ಮದ್ದಿಗೆ ಕಿಡಿ ಕೊಡುವ ಪುಟ್ಟ ಬಟ್ಟಲು), ಮದ್ದು ಮತ್ತು ಗುಂಡು ಒಂದೇ ಹೊಡೆತಕ್ಕೆ ಮುಗಿದುಹೋಗುತ್ತವೆ. ಮತ್ತೆ ಕೈಗೆ ಸಿಗುವುದು ಹಿತ್ತಾಳೆಯ ಕೇಸ್ ಒಂದೇ. ಮದ್ದನ್ನು ಹಿಡಿದಿಡುವುದು ಅದರ ಸಣ್ಣ ಕೆಲಸ. ದೊಡ್ಡ ಕೆಲಸ ನಡೆಯುವುದು ಗುಂಡು ಹಾರುವ ಕ್ಷಣದಲ್ಲಿ. ಆಗ ಕೇಸ್ ಉಬ್ಬಿ ಚೇಂಬರಿನ (ನಳಿಗೆಯಲ್ಲಿ ತೋಟೆ ಕೂರುವ ಜಾಗ) ಗೋಡೆಗೆ ಒತ್ತಿಕೊಂಡು, ಬಿಸಿ ಅನಿಲ ಹಿಂದಕ್ಕೆ, ಅಂದರೆ ಹೊಡೆಯುವವನ ಮುಖದತ್ತ ನುಗ್ಗದಂತೆ ತಡೆಯುತ್ತದೆ. ಒತ್ತಡ ಇಳಿದ ಮೇಲೆ ತುಸು ಕುಗ್ಗಿ ಹೊರಬರುತ್ತದೆ. .308 ವಿಂಚೆಸ್ಟರ್ ತೋಟೆಗೆ ಅಮೆರಿಕದ ಬಂದೂಕು-ತೋಟೆ ತಯಾರಕರ ಸಂಸ್ಥೆಯಾದ ಸಾಮಿಯ (SAAMI) ಮಾನಕ ನಿಗದಿಪಡಿಸಿರುವ ಗರಿಷ್ಠ ಒತ್ತಡ ಪ್ರತಿ ಚದರ ಇಂಚಿಗೆ 62,000 ಪೌಂಡ್. ಅಷ್ಟು ಒತ್ತಡವನ್ನು ಒಮ್ಮೆ ತಡೆದುಕೊಂಡ ಲೋಹವನ್ನು ಮತ್ತೊಮ್ಮೆ ಅದೇ ಪರೀಕ್ಷೆಗೆ ಒಡ್ಡುವ ಮುನ್ನ, ಅದು ಎಲ್ಲಿ ಹಿಗ್ಗಿದೆ, ಎಲ್ಲಿ ತೆಳುವಾಗಿದೆ, ಎಲ್ಲಿ ಗಡುಸಾಗಿದೆ ಎಂಬುದನ್ನು ತಿಳಿದುಕೊಳ್ಳಬೇಕು. ಕೇಸ್ ಸಿದ್ಧತೆಯ ಪ್ರತಿಯೊಂದು ಹಂತದ ಹಿಂದೆಯೂ ಈ ಮೂರು ಪ್ರಶ್ನೆಗಳಿವೆ. ತೋಟೆ ಮರುತುಂಬುವ ಬಗೆಗಿನ ಕಾನೂನು ದೇಶದಿಂದ ದೇಶಕ್ಕೆ ಬೇರೆಯಾಗಿದ್ದು, ಕೆಲವೆಡೆ ಪ್ರತ್ಯೇಕ ಪರವಾನಗಿ ಬೇಕಾಗುವುದರಿಂದ, ಅದನ್ನು ಖಚಿತಪಡಿಸಿಕೊಂಡ ನಂತರವೇ ಕೆಲಸಕ್ಕೆ ಕೈಹಾಕತಕ್ಕದ್ದು.

ಮೊದಲನೆಯದು ವಿಂಗಡಣೆ. ಶೂಟಿಂಗ್ ರೇಂಜಿನಿಂದ ಆರಿಸಿ ತಂದ ರಾಶಿಯಲ್ಲಿ ಹಾರದೆ ಉಳಿದ ತೋಟೆಯೊಂದು ಸೇರಿಕೊಂಡಿರುವ ಸಾಧ್ಯತೆ ಇದ್ದೇ ಇರುವುದರಿಂದ, ಒಂದೊಂದನ್ನೂ ಕೈಯಲ್ಲಿ ಹಿಡಿದು ಬಾಯಿಯನ್ನೂ ಬುಡವನ್ನೂ ನೋಡಬೇಕು. ನಂತರ ಆಯಸ್ಕಾಂತ ಹಿಡಿದರೆ ಹಿತ್ತಾಳೆಯ ಲೇಪವಿರುವ ಉಕ್ಕಿನ ಕೇಸ್‌ಗಳು ತಾವಾಗಿ ಬೇರ್ಪಡುತ್ತವೆ. ಅವು ನಮಗೆ ಬೇಡ. ಉಳಿದವುಗಳೊಳಗೆ ಟಾರ್ಚ್ ಬಿಟ್ಟು ನೋಡಿದಾಗ ತಳದ ನಡುವೆ ಒಂದೇ ರಂಧ್ರ ಕಂಡರೆ ಅದು ಬಾಕ್ಸರ್ ಮಾದರಿ, ಅಕ್ಕಪಕ್ಕ ಎರಡು ಸಣ್ಣ ರಂಧ್ರಗಳಿದ್ದರೆ ಬರ್ಡನ್ ಮಾದರಿ. ಕೇಸನ್ನು ಮತ್ತೆ ಅಳತೆಗೆ ತರುವ ಅಚ್ಚಾದ ಸಾಮಾನ್ಯ ಡೈಯ ಸೂಜಿಯಿಂದ ಬರ್ಡನ್ ಪ್ರೈಮರನ್ನು ಹೊರತಳ್ಳಲಾಗುವುದಿಲ್ಲ. ಪ್ರಯತ್ನಿಸಿದರೆ ಸೂಜಿ ಮುರಿಯುತ್ತದೆ. ಕೊನೆಗೆ ಬುಡದ ಮೇಲಿನ ಅಚ್ಚುಮುದ್ರೆ ನೋಡಿ, ತಯಾರಕರ ಪ್ರಕಾರ ಗುಂಪು ಮಾಡಬೇಕು. ಇದು ಅಚ್ಚುಕಟ್ಟುತನಕ್ಕಾಗಿ ಹೇಳುವ ಮಾತಲ್ಲ. .308ರ ಅಳತೆಗೆ ಬರುವ ಸೈನ್ಯದ 7.62 ಮಿ.ಮೀ. ಕೇಸ್‌ಗಳ ಗೋಡೆ ಬಹುಪಾಲು ದಪ್ಪವಾಗಿದ್ದು ಒಳಗಿನ ಜಾಗ ಕಡಿಮೆ. ಅಷ್ಟೇ ಮದ್ದು ಹಾಕಿದರೂ ಅಲ್ಲಿ ಒತ್ತಡ ಏರುತ್ತದೆ.

ಅನಂತರದ ತಪಾಸಣೆಗೆ ಎಷ್ಟು ಸಮಯ ಕೊಟ್ಟರೂ ಹೆಚ್ಚಲ್ಲ. ಕತ್ತಿನ (ಗುಂಡನ್ನು ಹಿಡಿಯುವ ಕಿರಿದಾದ ಬಾಯಿಭಾಗ) ಸೀಳು, ಭುಜದ (ಕತ್ತಿನ ಕೆಳಗಿನ ಇಳಿಜಾರು) ಬಿರುಕು, ಪ್ರೈಮರ್ ಸುತ್ತ ಅನಿಲ ಸೋರಿದ ಕಪ್ಪು ಮಸಿ ಬರಿಗಣ್ಣಿಗೇ ಕಾಣುತ್ತವೆ. ಅಂಥವನ್ನು ಯೋಚಿಸದೆ ಪಕ್ಕಕ್ಕೆ ಹಾಕಬಹುದು. ಕಾಣದೆ ಅಡಗಿರುವ ದೋಷ ಬುಡದ ಗಟ್ಟಿ ಭಾಗವು ತೆಳುಗೋಡೆಯನ್ನು ಸೇರುವ ಕಡೆ ಇರುತ್ತದೆ. ಗುಂಡು ಹಾರಿದಾಗ ಕೇಸಿನ ತೆಳುವಾದ ಮುಂಭಾಗ ಚೇಂಬರಿಗೆ ಕಚ್ಚಿಕೊಳ್ಳುತ್ತದೆ, ಬುಡ ಮಾತ್ರ ಹಿಂದೆ ಸರಿದು, ಚೇಂಬರನ್ನು ಹಿಂದಿನಿಂದ ಮುಚ್ಚುವ ಬೋಲ್ಟಿಗೆ ತಾಗುತ್ತದೆ, ಹಾಗಾಗಿ ಎಳೆತವೆಲ್ಲ ಈ ಸೇರುವೆಯ ಮೇಲೆ ಬೀಳುತ್ತದೆ. ಹಲವು ಸಲ ಎಳೆದಾಡಿದ ಮೇಲೆ ಗೋಡೆ ಒಳಗಿನಿಂದ ಸವೆದು ಸಣ್ಣ ತೋಡು ಬೀಳುತ್ತದೆ, ಹೊರಗೆ ಬುಡದಿಂದ ಸ್ವಲ್ಪ ಮೇಲೆ ಹೊಳೆಯುವ ಉಂಗುರವೊಂದು ಕಾಣಿಸಿಕೊಳ್ಳುತ್ತದೆ. ಮುಂದಿನ ಹೊಡೆತದಲ್ಲಿ ಕೇಸ್ ಅಲ್ಲಿಗೇ ಎರಡಾಗಬಹುದು.

ಇದನ್ನು ಪತ್ತೆಹಚ್ಚಲು ಒಂದು ಪೇಪರ್ ಕ್ಲಿಪ್ ಸಾಕು. ಅದನ್ನು ನೇರ ಮಾಡಿ, ತುದಿಯನ್ನು ಒಂದೆರಡು ಮಿ.ಮೀ.ನಷ್ಟು ಲಂಬವಾಗಿ ಬಗ್ಗಿಸಿ, ಅರದಲ್ಲಿ ಉಜ್ಜಿ ಚೂಪು ಮಾಡಿಕೊಳ್ಳಬೇಕು. ಕೇಸಿನೊಳಗೆ ತಳ ಮುಟ್ಟುವವರೆಗೆ ಇಳಿಸಿ, ತುದಿಯನ್ನು ಗೋಡೆಗೆ ಹಗುರವಾಗಿ ಒತ್ತುತ್ತ ಮೇಲಕ್ಕೆ ಎಳೆಯಬೇಕು. ಒಳ್ಳೆಯ ಕೇಸಿನಲ್ಲಿ ತಂತಿ ತಡೆಯಿಲ್ಲದೆ ಜಾರಿ ಬರುತ್ತದೆ; ತೋಡು ಬಿದ್ದಿದ್ದರೆ ಬೆರಳಿಗೆ ಗೊತ್ತಾಗುವಂತೆ ‘ಟಕ್’ ಎಂದು ಕೊಕ್ಕೆ ಹಾಕಿಕೊಳ್ಳುತ್ತದೆ. ಹೊಸದಾಗಿ ಕಲಿಯುವವರು ತ್ಯಜಿಸಿದ ಕೇಸೊಂದನ್ನು ಗರಗಸದಲ್ಲಿ ಉದ್ದುದ್ದ ಸೀಳಿ ಆ ತೋಡನ್ನು ಕಣ್ಣಾರೆ ನೋಡಿಕೊಳ್ಳಲಿ ಎಂಬುದು ನನ್ನ ಸಲಹೆ. ಒಮ್ಮೆ ನೋಡಿದ ಮೇಲೆ ಬೆರಳು ಏನನ್ನು ಹುಡುಕುತ್ತಿದೆ ಎಂಬುದು ಸ್ಪಷ್ಟವಾಗುತ್ತದೆ.

ಶುಚಿಗೊಳಿಸಲು ಮೆಕ್ಕೆಜೋಳದ ದಿಂಡಿನ ಅಥವಾ ವಾಲ್‌ನಟ್ ಚಿಪ್ಪಿನ ತರಿ ತುಂಬಿದ ಟಂಬ್ಲರ್ (ಕೇಸ್‌ಗಳನ್ನು ಉರುಳಿಸಿ ಉಜ್ಜುವ ಯಂತ್ರ) ಸಾಕಾಗುತ್ತದೆ. ನೀರು, ಸೋಪು ಮತ್ತು ಸ್ಟೇನ್‌ಲೆಸ್ ಸ್ಟೀಲಿನ ಸಣ್ಣ ಕಡ್ಡಿಗಳೊಂದಿಗೆ ಉರುಳಿಸಿದರೆ ಒಳಭಾಗವೂ ಹೊಳೆಯುತ್ತದೆ. ಹೊಳಪು ಮುಖ್ಯವಲ್ಲ, ಡೈಯನ್ನು ಗೀರುವ ಮಣ್ಣು ಹೋಗಬೇಕು, ಬಿರುಕು ಮುಚ್ಚುವ ಮಸಿ ಹೋಗಬೇಕು, ಅಷ್ಟೆ. ಸುಟ್ಟ ಪ್ರೈಮರಿನ ಮಸಿಯಲ್ಲಿ ಸೀಸ ಇರುವುದರಿಂದ, ಒಣ ತರಿಯನ್ನು ಜಾಲಾಡುವ ಕೆಲಸವನ್ನು ಮನೆಯೊಳಗೆ, ಅದರಲ್ಲೂ ಮಕ್ಕಳಿರುವ ಕಡೆ, ಮಾಡಲೇಬಾರದು. ಕೈಗವಸು ಮತ್ತು ಮುಖಗವಸು ಧರಿಸಿ, ಮುಗಿದ ಕೂಡಲೇ ಕೈ ತೊಳೆದುಕೊಳ್ಳಬೇಕು.

ಅಮೋನಿಯ ಬೆರೆತ ಪಾಲಿಶನ್ನು ಬಳಸಬೇಡಿ. ಬ್ರಿಟಿಷರ ಕಾಲದಲ್ಲಿ ಭಾರತದ ಸೈನ್ಯದ ತೋಟೆಗಳು ಮಳೆಗಾಲದಲ್ಲಿ ತಾವಾಗಿಯೇ ಬಿರುಕು ಬಿಡುತ್ತಿದ್ದವು. ಕುದುರೆ ಲಾಯಗಳ ಗೊಬ್ಬರದಿಂದ ಏಳುವ ಅಮೋನಿಯವು ತೇವದ ಗಾಳಿಯೊಂದಿಗೆ ಸೇರಿ, ತಯಾರಿಕೆಯ ವೇಳೆ ಒಳಬಿಗುವು ಉಳಿದಿದ್ದ ಹಿತ್ತಾಳೆಯನ್ನು ಸೀಳುತ್ತಿತ್ತು ಎಂಬುದು 1921ರಲ್ಲಿ ಮೂರ್, ಬೆಕಿನ್ಸೇಲ್ ಮತ್ತು ಮ್ಯಾಲಿನ್ಸನ್ ಅವರ ಅಧ್ಯಯನದಿಂದ ವಿವರವಾಗಿ ತಿಳಿಯಿತು. ಸುಮಾರು 70 ಭಾಗ ತಾಮ್ರ, 30 ಭಾಗ ಸತು ಇರುವ ಇಂದಿನ ಕೇಸಿನ ಹಿತ್ತಾಳೆಗೂ ಅದೇ ದೌರ್ಬಲ್ಯವಿದೆ.

ಆ ಬಿಗುವನ್ನು ಇಳಿಸುವ ಉಪಾಯವೇ ಅನೀಲಿಂಗ್. ಹಿಗ್ಗಿ ಕುಗ್ಗಿ ಗಡುಸಾದ ಕತ್ತು ಮತ್ತು ಭುಜಗಳನ್ನು ಕೆಲವೇ ಸೆಕೆಂಡು ಕಾಯಿಸಿದರೆ ಲೋಹ ಮತ್ತೆ ಮೆತುವಾಗಿ ಸೀಳುವುದು ತಪ್ಪುತ್ತದೆ. ಆದರೆ ಬುಡ ಗಡುಸಾಗಿಯೇ ಉಳಿಯಬೇಕು. ಅದು ಮೆತುವಾದ ಕೇಸ್ ಒತ್ತಡ ತಡೆಯದೆ ಒಡೆದು ಅನಾಹುತವಾಗುತ್ತದೆ, ಮೆತುವಾದ ಬುಡವನ್ನು ಮತ್ತೆ ಗಡುಸು ಮಾಡಲು ಮನೆಯಲ್ಲಿ ಸಾಧ್ಯವಿಲ್ಲ. ಕೇಸ್‌ಗಳನ್ನು ಒಣಗಿಸಲೆಂದೋ ಮೆದುಗೊಳಿಸಲೆಂದೋ ಇಡಿಯಾಗಿ ಒಲೆಯಲ್ಲಿಟ್ಟು ಹೆಚ್ಚು ಶಾಖಕ್ಕೆ ಒಡ್ಡುವುದು ಈ ಕಾರಣಕ್ಕೇ ನಿಷಿದ್ಧ. ಉಷ್ಣತೆ ತೋರಿಸುವ ಲೇಪವಾಗಲಿ, ಇದಕ್ಕೆಂದೇ ಮಾಡಿದ ಯಂತ್ರವಾಗಲಿ ಇಲ್ಲದವರು ಅನೀಲಿಂಗ್ ಬಿಟ್ಟುಬಿಡುವುದು ಲೇಸು. ಹೆಚ್ಚೆಂದರೆ ಕೇಸ್ ಕೆಲವು ಸಲ ಕಡಿಮೆ ಬಾಳುತ್ತದೆ.

ಈಗ ಪ್ರೆಸ್ಸಿನ ಕೆಲಸ, ಅಂದರೆ ಕೇಸನ್ನು ಡೈಯೊಳಗೆ ಒತ್ತಿ, ಉಬ್ಬಿದ್ದನ್ನು ಮತ್ತೆ ಅಳತೆಗೆ ತರುವ ಸೈಜಿಂಗ್. ಡೈಗೆ ತೂರುವ ಮುನ್ನ ಕೇಸಿನ ಒಡಲಿಗೆ ಸೈಜಿಂಗ್ ಲ್ಯೂಬ್ (ಜಾರುವಂತೆ ಮಾಡುವ ಜಿಡ್ಡು) ಸವರಬೇಕು. ಕಡಿಮೆಯಾದರೆ ಕೇಸ್ ಡೈಯೊಳಗೆ ಸಿಕ್ಕಿಹಾಕಿಕೊಂಡು ಅಂಚು ಕಿತ್ತುಬರುತ್ತದೆ. ಹೆಚ್ಚಾಗಿ ಭುಜದ ಮೇಲೆ ನಿಂತರೆ, ಜಾಗವಿಲ್ಲದ ಜಿಡ್ಡು ಹಿತ್ತಾಳೆಯನ್ನೇ ಒಳಕ್ಕೆ ತಗ್ಗಿಸುತ್ತದೆ. ಎರಡು ಬೆರಳಿನ ನಡುವೆ ಒಡಲನ್ನು ಉರುಳಿಸಿದಾಗ ಜಿಗುಟು ತಿಳಿಯಬೇಕು, ಕಣ್ಣಿಗೆ ಕಾಣಬಾರದು. ಕತ್ತಿನ ಒಳಗೆ ಬ್ರಷ್ಷಿನಿಂದ ಒಂದೇ ಸಲ ಸವರಿದರೆ ಸಾಕು. ಸೈಜಿಂಗ್ ಡೈಯಲ್ಲಿರುವ ಸೂಜಿ ಅದೇ ಚಲನೆಯಲ್ಲಿ ಹಳೆಯ ಪ್ರೈಮರನ್ನು ಹೊರತಳ್ಳುತ್ತದೆ.

ಡೈಯನ್ನು, ಕೇಸಿನ ಬುಡ ಹಿಡಿಯುವ ಶೆಲ್ ಹೋಲ್ಡರಿಗೆ ತಾಗುವವರೆಗೆ ಇಳಿಸಿ, ಇನ್ನೂ ಕಾಲು ಸುತ್ತು ತಿರುಗಿಸಿ ಎಂಬ ಸೂಚನೆ ಅನೇಕ ಕಡೆ ಸಿಗುತ್ತದೆ. ಆ ಕ್ರಮ ನನಗೆ ಒಪ್ಪಿಗೆಯಿಲ್ಲ. ಅದರಿಂದ ಭುಜ ಬೇಕಿದ್ದಕ್ಕಿಂತ ಹಿಂದಕ್ಕೆ ಹೋಗುತ್ತದೆ. ಮೇಲೆ ವಿವರಿಸಿದ ಎಳೆತ ಪ್ರತಿ ಹೊಡೆತಕ್ಕೂ ಹೆಚ್ಚುತ್ತದೆ, ಬುಡದ ತೋಡು ಬೇಗ ಬೀಳುತ್ತದೆ. ಸರಿಯಾದ ದಾರಿ ಎಂದರೆ, ತಮ್ಮದೇ ರೈಫಲಿನಲ್ಲಿ ಹಾರಿಸಿದ ಕೇಸಿನ ಬುಡದಿಂದ ಭುಜದವರೆಗಿನ ಅಳತೆಯನ್ನು ಕ್ಯಾಲಿಪರಿಗೆ ಕೂರಿಸುವ ಕಂಪ್ಯಾರೇಟರಿನಿಂದ ತೆಗೆದು, ಬೋಲ್ಟ್ ಆ್ಯಕ್ಷನ್ ರೈಫಲಿಗೆ ಸುಮಾರು 0.05 ಮಿ.ಮೀ., ಸ್ವಯಂ ತುಂಬಿಕೊಳ್ಳುವ ರೈಫಲಿಗೆ 0.08ರಿಂದ 0.12 ಮಿ.ಮೀ. ಮಾತ್ರ ಭುಜ ಹಿಂದೆ ಸರಿಯುವಂತೆ, ಡೈಯನ್ನು ಸ್ವಲ್ಪ ಸ್ವಲ್ಪವೇ ಇಳಿಸುತ್ತ ಹೋಗುವುದು. ಹತ್ತಾರು ಸಲ ಬಾಳುವ ಕೇಸಿಗೂ ನಾಲ್ಕೈದು ಸಲಕ್ಕೇ ಬುಡ ಕಳಚುವ ಕೇಸಿಗೂ ನಡುವಿನ ವ್ಯತ್ಯಾಸ ಬಹುಮಟ್ಟಿಗೆ ಈ ಕೂದಲೆಳೆಯಷ್ಟು ಅಂತರದಲ್ಲಿದೆ.

ಸೈಜ್ ಮಾಡುವಾಗ ಹಿತ್ತಾಳೆ ಮುಂದಕ್ಕೆ ಹರಿದು ಕೇಸ್ ಉದ್ದವಾಗುತ್ತದೆ. ಆದ್ದರಿಂದ ಉದ್ದ ಅಳೆಯುವುದು ಯಾವಾಗಲೂ ಸೈಜಿಂಗ್ ಆದ ಮೇಲೆ. .308 ವಿಂಚೆಸ್ಟರಿನ ಗರಿಷ್ಠ ಉದ್ದ 51.18 ಮಿ.ಮೀ. ಇದ್ದು ಅದನ್ನು 50.93ಕ್ಕೆ ಕತ್ತರಿಸುವುದು ರೂಢಿ; .223 ರೆಮಿಂಗ್ಟನಿಗೆ ಇವೇ ಅಂಕಿಗಳು 44.70 ಮತ್ತು 44.45. ಮಿತಿ ಮೀರಿದ ಕೇಸಿನ ಬಾಯಿ ಚೇಂಬರಿನ ತುದಿಗೆ ಒತ್ತಿ ಗುಂಡನ್ನು ಬಿಗಿಯಾಗಿ ಹಿಡಿದುಕೊಳ್ಳುವುದರಿಂದ ಒತ್ತಡ ಅಪಾಯದ ಮಟ್ಟಕ್ಕೆ ಏರುತ್ತದೆ. ಟ್ರಿಮ್ಮರಿನಿಂದ ಕತ್ತರಿಸಿದ ಬಾಯಿಯ ಒಳಹೊರಗಿನ ಚೂಪನ್ನು ಚೇಂಫರ್ ಉಪಕರಣದಿಂದ ಹಗುರವಾಗಿ ತೆಗೆಯಬೇಕು. ಬಾಯಿ ಚಾಕುವಿನ ಅಲಗಿನಂತಾದರೆ ಅತಿಯಾಯಿತು ಎಂದರ್ಥ.

ಪ್ರೈಮರ್ ಕುಳಿಯ ಮಸಿಯನ್ನು ಸಣ್ಣ ಬ್ರಷ್ಷಿನಿಂದ ಕೆರೆದು ತೆಗೆಯಬೇಕು. ಸೈನ್ಯದ ಕೇಸ್‌ಗಳಲ್ಲಿ ಪ್ರೈಮರ್ ಸಡಿಲವಾಗದಂತೆ ಕುಳಿಯ ಅಂಚನ್ನು ಅದುಮಿರುತ್ತಾರೆ. ಆ ಅದುಮನ್ನು (ಕ್ರಿಂಪ್) ಒತ್ತಿ ಅಗಲಿಸಿಯೋ (ಸ್ವೇಜ್) ರೀಮರಿನಿಂದ ಕೆರೆದು ತೆಗೆದೋ ಸರಿಪಡಿಸದಿದ್ದರೆ ಹೊಸ ಪ್ರೈಮರ್ ಕೂರುವುದಿಲ್ಲ, ಬಲವಂತ ಮಾಡಿದರೆ ಸಿಡಿಯಲೂಬಹುದು. ಪ್ರೈಮರ್ ಯಾವ ಪ್ರತಿರೋಧವೂ ಇಲ್ಲದೆ ಸಲೀಸಾಗಿ ಇಳಿಯುವ ಕುಳಿಯು ಬುಡವೇ ಹಿಗ್ಗಿರುವುದರ ಗುರುತು; ಆ ಕೇಸಿನ ಆಯಸ್ಸು ಮುಗಿದಿದೆ.

ಲ್ಯೂಬನ್ನು ಒರೆಸಿ ಅಥವಾ ತೊಳೆದು, ಒಳಗೆ ಒಂದು ಹನಿಯೂ ಉಳಿಯದಂತೆ ಗಾಳಿಗೆ ಒಣಗಲು ಬಿಟ್ಟ ಮೇಲೆ, ಪ್ರತಿಯೊಂದನ್ನೂ ಅಳತೆ ನೋಡುವ ಕೇಸ್ ಗೇಜಿನಲ್ಲಿಟ್ಟು ನೋಡಿ ಡಬ್ಬಿಗೆ ತುಂಬಬಹುದು. ಡಬ್ಬಿಯ ಮೇಲೆ ತಯಾರಕರ ಹೆಸರು, ಯಾವ ರೈಫಲಿನಲ್ಲಿ ಹಾರಿಸಿದ್ದು, ಎಷ್ಟನೆಯ ಸಲ, ಕತ್ತರಿಸಿದ ಉದ್ದ ಎಷ್ಟು, ಅನೀಲಿಂಗ್ ಆಗಿದೆಯೇ ಎಂಬುದನ್ನು ಬರೆದಿಡಬೇಕು. ಒಂದೇ ಗುಂಪಿನಲ್ಲಿ ಒಂದು ಕೇಸಿಗೆ ಬುಡದ ಉಂಗುರ ಕಂಡರೆ, ಉಳಿದವೂ ಅಷ್ಟೇ ದುಡಿದಿರುವುದರಿಂದ, ಇಡೀ ಗುಂಪನ್ನು ಮತ್ತೆ ತಂತಿಯಿಂದ ಪರೀಕ್ಷಿಸುವುದು ಅಗತ್ಯ. ತ್ಯಜಿಸಿದ ಕೇಸ್‌ಗಳನ್ನು ಬೇರೆ ಡಬ್ಬಿಯಲ್ಲಿ ಹಾಗೇ ಇಡಬೇಡಿ. ಅವು ಮರಳಿ ಒಳ್ಳೆಯವುಗಳ ಜೊತೆ ಬೆರೆಯದಂತೆ, ಪ್ರತಿಯೊಂದರ ಬಾಯನ್ನೂ ಇಕ್ಕಳದಿಂದ ಚಪ್ಪಟೆ ಮಾಡಿ ಹಾಕಿ.