ಸತ್ತ ಓವನ್ ಮತ್ತು ನನ್ನ 100 ವ್ಯಾಟಿನ ಬಲ್ಬು

ನಮ್ಮೂರಿನ ನಿಟ್ಟುವಳ್ಳಿ ಬಡಾವಣೆಯ ಒಂದು ಮನೆಯ ಓವನ್ ಮತ್ತೆ ಉರಿಯಲು ಶುರುವಾಗಿ ಮೂರು ತಿಂಗಳಾಯಿತು. ಒಂದು ದಿನವೂ ಕೈಕೊಟ್ಟಿಲ್ಲ. ಅದಕ್ಕೇ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ. ಆಗಲೇ ಹೇಳಿದ್ದರೆ ದಾವಣಗೆರೆಯ ನಮ್ಮ ರಿಪೇರಿ ಬಳಗ ನಗುತ್ತಿತ್ತು. ನಕ್ಕಿದ್ದೂ ಆಯಿತು ಬಿಡಿ.

ಓವನ್ ಮನೆಯಲ್ಲೇ ಕೇಕ್ ಮಾಡಿ ಮಾರುವವರದು. 2000 ವ್ಯಾಟಿನ ಓಟಿಜಿ, ಅಂದರೆ ಓವನ್, ಟೋಸ್ಟರ್, ಗ್ರಿಲ್ ಮೂರೂ ಒಂದರಲ್ಲೇ. ಟೈಮರ್ ತಿರುಗಿಸಿದರೂ ದೀಪವೇ ಇಲ್ಲ. ನನಗಿಂತ ಮುಂಚೆ ಇಬ್ಬರು ನೋಡಿದ್ದರು. ಒಬ್ಬರು ಟೈಮರ್ ಹೋಗಿದೆ ಅಂದರು. ಇನ್ನೊಬ್ಬರು ಹೊಸದು ತಗೊಳ್ಳಿ ಅಂದುಬಿಟ್ಟರು. ಹೊಸದಕ್ಕೆ ಒಂಬತ್ತು ಹತ್ತು ಸಾವಿರ. ಅಷ್ಟು ದುಡ್ಡು ಎಷ್ಟು ಕೇಕ್ ಮಾರಿದರೆ ಬರುತ್ತೆ, ಲೆಕ್ಕ ಹಾಕಿ.

ಆಟೋದಲ್ಲಿ ಹಾಕಿಕೊಂಡು ನನ್ನ ಅಂಗಡಿಗೆ ತಂದರು. ಇಲ್ಲಿ ನಾನು ಮಾಡಿದ ಪೆದ್ದತನ ಕೇಳಿ. ಪ್ಲಗ್ ಚುಚ್ಚಿ ನೋಡಲೇ ಇಲ್ಲ! ಇಬ್ಬರು ನೋಡಿ ಸತ್ತಿದೆ ಅಂದಮೇಲೆ ಸತ್ತಿದೆ ಅಂತ ಸೀದಾ ಹಿಂದಿನ ಶೀಟ್ ಬಿಚ್ಚಿದೆ. ಟೈಮರ್ ಕಾಂಟ್ಯಾಕ್ಟ್ ಸ್ವಲ್ಪ ಕಪ್ಪಾಗಿತ್ತು. ಬದಲಾಯಿಸಿದೆ, 350 ರೂಪಾಯಿ. ಬಿಸಿ ಅತಿಯಾದರೆ ಕರೆಂಟ್ ಕಡಿಯುವ ಥರ್ಮಲ್ ಫ್ಯೂಸೂ ಯಾಕೋ ಕಂದು ಬಣ್ಣಕ್ಕೆ ತಿರುಗಿದ ಹಾಗಿತ್ತು. ಕತ್ತರಿಸಿ ಹೊಸದನ್ನು ಬೆಸುಗೆ ಹಾಕಿದೆ. ಮೀಟರ್ ಇಟ್ಟರೆ ಓಪನ್, ಅಂದರೆ ಒಳಗೇ ಕಡಿದುಹೋಗಿದೆ. ಇನ್ನೊಂದು ಹಾಕಿದೆ, ಅದೂ ಓಪನ್. ಬೆಸುಗೆಯ ಬಿಸಿಗೇ ಫ್ಯೂಸ್ ಹೋಗುತ್ತೆ ಅಂತ ನಿಮಗೆಲ್ಲ ಗೊತ್ತು, ನನಗೂ ಗೊತ್ತು. ಆದರೂ ಆತುರ. ನಲವತ್ತು ರೂಪಾಯಿಯವು ಎರಡು ಕಸದ ಡಬ್ಬಿಗೆ. ಮೂರನೆಯದನ್ನು ಕ್ರಿಂಪ್ ಮಾಡಿದೆ, ಅಂದರೆ ಬೆಸುಗೆಯಿಲ್ಲದೆ ಒತ್ತಿ ಜೋಡಿಸಿದೆ. ಆಮೇಲೆ ಪ್ಲಗ್ ಹಾಕಿದರೆ ದೀಪ ಬಂತು, ರಾಡು ಕೆಂಪಾಯಿತು. ಗೆದ್ದೆ ಅಂದುಕೊಂಡು ಮಿರ್ಚಿ ಮಂಡಕ್ಕಿ ತರಿಸಿ ತಿಂದೆ.

ಸಂಜೆ ಫೋನು. ‘ಅಣ್ಣಾ, ಆನ್ ಆಗ್ತಿಲ್ಲ.’

ಮರುದಿನ ಮತ್ತೆ ಆಟೋ. ನನ್ನ ಟೇಬಲ್ ಮೇಲೆ ಇಟ್ಟ ಕೂಡಲೇ ಚೆನ್ನಾಗಿ ಉರಿಯಿತು. ಈ ಸಲ ಪ್ಲಗ್ ಪಿನ್ನಿಗೇ ಮೀಟರ್ ಇಟ್ಟು, ಎರಡೂ ರಾಡು ಸೆಲೆಕ್ಟ್ ಮಾಡಿ ನೋಡಿದೆ. 26, 27 ಓಮ್ ಬಂತು. 2000 ವ್ಯಾಟಿಗೆ ಸರಿಯಾದ ಲೆಕ್ಕ. ಮೊದಲ ದಿನವೇ ಈ ಎರಡು ನಿಮಿಷದ ಕೆಲಸ ಮಾಡಿದ್ದರೆ ಬಿಚ್ಚುವ ಮಾತೇ ಇರಲಿಲ್ಲ, ಅಲ್ವಾ?

ಓವನ್ ಸರಿ ಇದೆ, ಸಾಕೆಟ್ ನೋಡಬೇಕು ಅಂದೆ. ‘ಸಾಕೆಟ್ ಚೆನ್ನಾಗಿದೆ ಅಣ್ಣಾ, ಮೊಬೈಲ್ ಚಾರ್ಜ್ ಆಗುತ್ತೆ’ ಅಂದರು. ಮೊದಲು ನೋಡಿದ್ದ ಇಬ್ಬರಲ್ಲಿ ಒಬ್ಬನಿಗೆ ಫೋನ್ ಮಾಡಿದೆ. ಡಿಜಿಟಲ್ ಮೀಟರಿನಲ್ಲಿ 228 ವೋಲ್ಟ್ ಬಂದಿತ್ತಂತೆ. ‘ಸಪ್ಲೈ ಪಕ್ಕಾ ಇದೆ, ನಿನ್ನ ಕೆಲಸವೇ ಸರಿಯಿಲ್ಲ’ ಅಂದ. ಬಲ್ಬ್ ಹಾಕಿ ನೋಡ್ತೀನಿ ಅಂದಿದ್ದಕ್ಕೆ, ‘ಯಾವ ಕಾಲದಲ್ಲಿದ್ದೀಯ ಮಾರಾಯ’ ಅಂತ ನಕ್ಕ.

ನನ್ನ ಬಲ್ಬ್ ಅಂದರೆ ಹಳೇ 100 ವ್ಯಾಟಿನ ತಂತಿ ಬಲ್ಬು. ಒಂದು ಹೋಲ್ಡರ್, ಎರಡು ಗಜ ವೈರು, 16 ಆಂಪ್ ಪ್ಲಗ್. ಅಷ್ಟೇ. ಅವರ ಅಡುಗೆಮನೆಗೆ ಹೋಗಿ ಮೊದಲು ಮೀಟರ್ ಇಟ್ಟೆ. 228. ಬಲ್ಬ್ ಚುಚ್ಚಿದೆ. ಕತ್ತಲೆ. ತಂತಿ ಕೂಡ ಕೆಂಪಾಗಲಿಲ್ಲ. ಬಲ್ಬ್ ಇದ್ದ ಹಾಗೇ ಮೀಟರ್ ಹಿಡಿದರೆ ವೋಲ್ಟೇಜ್ ನೆಲಕ್ಕೆ ಬಿದ್ದಿತ್ತು. ಅದನ್ನು ತೆಗೆದು ಓವನ್ ಸ್ವಿಚ್ ಹಾಕಿದೆ. ಕರೆಂಟ್ ವಾಪಸ್ ಹೋಗುವ ನ್ಯೂಟ್ರಲ್ ತೂತಿನಲ್ಲೂ ಟೆಸ್ಟರ್ ಉರಿಯಿತು. ಇನ್ನೇನು ಬೇಕು? ನ್ಯೂಟ್ರಲ್ ವೈರಿನ ಜಾಯಿಂಟ್ ಎಲ್ಲೋ ಸುಟ್ಟಿದೆ. ಮೀಟರು ಎಳೆಯುವ ಕರೆಂಟು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಅದಕ್ಕೆ ಸುಟ್ಟ ಜಾಯಿಂಟೂ ಒಂದೇ, ಹೊಸ ಜಾಯಿಂಟೂ ಒಂದೇ.

ಅಲ್ಲೇ ಒಂದು ತಮಾಷೆ ಮಾಡಿ ನೋಡಿದೆ. 9 ವ್ಯಾಟಿನ ಎಲ್‌ಇಡಿ ಬಲ್ಬ್ ಹಾಕಿದರೆ ಝಗ್ ಅಂತ ಉರಿಯಿತು! 60 ವ್ಯಾಟಿನ ತಂತಿ ಬಲ್ಬ್ ಹತ್ತಲಿಲ್ಲ. ಇಸ್ತ್ರಿ ಪೆಟ್ಟಿಗೆ ತಣ್ಣಗೆ ಕೂತಿತು. ಮೊಬೈಲ್ ಚಾರ್ಜರ್ ಕಥೆಯೂ ಎಲ್‌ಇಡಿ ಥರಾನೇ. ಕಡಿಮೆ ಕರೆಂಟು ಸಾಕು, ವೋಲ್ಟೇಜ್ ಇಳಿದರೂ ನಡೆಸಿಕೊಂಡು ಹೋಗುತ್ತೆ. ರಿಪೇರಿ ಸಾಮಾನಿನ ಜೊತೆ ಸರಣಿಯಲ್ಲಿ ಬಲ್ಬ್ ಇಟ್ಟು ಪರೀಕ್ಷಿಸುವ ಸೀರೀಸ್ ಬೋರ್ಡಿಗೂ ಈಗ ಎಲ್‌ಇಡಿ ಹಾಕುವವರನ್ನು ನೋಡಿದ್ದೇನೆ. ಸುಮ್ನೆ ಮೋಸ ಹೋಗುತ್ತಾರೆ.

ಆ ಸುಟ್ಟ ಜಾಯಿಂಟ್ ಎಲ್ಲಿದೆ ಅನ್ನೋದು ಮುಂದಿನ ಪ್ರಶ್ನೆ. ಅವರ ಮನೆಗೆ ವೈರಿಂಗ್ ಮಾಡಿದವರು ಟೈಲ್ಸ್ ಒಡೆಯಬೇಕು, ನಾಲ್ಕು ಸಾವಿರ ಆಗುತ್ತೆ ಅಂದಿದ್ದರು. ನಾನು ಒಂದು ಟೈಲ್ಸೂ ಒಡೆಯದೆ ಹದಿನೈದು ನಿಮಿಷದಲ್ಲಿ ಹಿಡಿದೆ. ಹೇಗೆ ಅಂತ ಕೇಳಬೇಡಿ, ಅದು ನನ್ನ ಹೊಟ್ಟೆಪಾಡು. ಅಟ್ಟದ ಕೆಳಗೆ, ಪಾತ್ರೆ ಸಾಲಿನ ಹಿಂದೆ ಒಂದು ಜಂಕ್ಷನ್ ಬಾಕ್ಸ್ ಇತ್ತು. ಅಷ್ಟು ಹೇಳಬಲ್ಲೆ. ಮೇನ್ ಆಫ್ ಮಾಡಿ ಮುಚ್ಚಳ ತೆಗೆದರೆ ಸುಟ್ಟ ವಾಸನೆ. ನ್ಯೂಟ್ರಲ್ ವೈರನ್ನು ಬರೀ ತಿರುಚಿ ಟೇಪ್ ಸುತ್ತಿದ್ದರು. ಎಂಟೂವರೆ ಆಂಪ್ ಗಂಟೆಗಟ್ಟಲೆ ಹರಿದು ಟೇಪ್ ಕರಗಿ, ತಾಮ್ರ ಕಪ್ಪಾಗಿ ಪುಡಿಪುಡಿ. ವೈರೂ ತೆಳ್ಳಗಿತ್ತು, ಒಂದೂವರೆ ಸ್ಕ್ವೇರ್ (ಚದರ ಮಿಲಿಮೀಟರ್) ಇರಬೇಕು.

4 ಸ್ಕ್ವೇರ್ ವೈರ್ ಏಳೆಂಟು ಮೀಟರ್ ಹೊಸದಾಗಿ ಎಳೆದೆ. ಮೀಟರಿಗೆ 60ರ ಆಸುಪಾಸು, ಫೇಸಿಗೂ ನ್ಯೂಟ್ರಲ್‌ಗೂ ಸೇರಿ ಸಾವಿರದ ಹತ್ತಿರ ಬಂತು. ಮಧ್ಯೆ ಜಾಯಿಂಟೇ ಇಲ್ಲ. ಆಮೇಲೆ ಬಕೆಟ್ ನೀರಿಗೆ 1500 ವ್ಯಾಟಿನ ಕಾಯಿಲ್ ಇಳಿಸಿ ಲೋಡ್ ಕೊಟ್ಟು ನೋಡಿದೆ. 228 ಇದ್ದದ್ದು 223ಕ್ಕೆ ನಿಂತಿತು. ಅಷ್ಟು ಇಳಿದರೆ ಚಿಂತೆಯಿಲ್ಲ. ಓವನ್ ಹಾಕಿದೆ, ದೀಪ ಬಂತು.

ದುಡ್ಡಿನ ವಿಷಯ. ಟೈಮರಿನ 350 ವಾಪಸ್ ಕೊಟ್ಟೆ, ಬೇಡದ ಕೆಲಸ ಮಾಡಿದ್ದು ನಾನು ತಾನೇ. ಫ್ಯೂಸ್ ನಷ್ಟವೂ ನನ್ನದೇ. ವೈರಿನ ದುಡ್ಡು ಬಿಟ್ಟು 600 ಕೂಲಿ ತಗೊಂಡೆ. ಅವರಿಗೆ ಆಟೋಗೇ ನಾನೂರರಷ್ಟು ಹೋಗಿತ್ತು, ಎರಡು ಹುಟ್ಟುಹಬ್ಬದ ಆರ್ಡರ್ ಬೇರೆ ಕೈತಪ್ಪಿತ್ತು. ಅರ್ಧ ಕೇಜಿ ಕೇಕ್ ಕಳಿಸಿದರು. ಸಕ್ಕರೆ ಸ್ವಲ್ಪ ಜಾಸ್ತಿ.

ಮೊನ್ನೆ ಆ ‘ಯಾವ ಕಾಲದಲ್ಲಿದ್ದೀಯ’ ಅಂದವನೇ ಅಂಗಡಿಗೆ ಬಂದಿದ್ದ. 100 ವ್ಯಾಟಿನ ತಂತಿ ಬಲ್ಬ್ ಎಲ್ಲಿ ಸಿಗುತ್ತೆ ಅಂತ ಕೇಳಿದ. ಗೊತ್ತಿಲ್ಲ ಅಂದೆ. ನನ್ನ ಕಪಾಟಿನಲ್ಲಿ ಇನ್ನೂ ನಾಲ್ಕು ಇವೆ.